ಅಂಚಿನ ಕಚ್ಚು

ಕೋಡಂಬಾಕಂ, ಮದ್ರಾಸು
೧೨ ಜನವರಿ ೧೯೭೪

ಮೆಹರು,

ಬದುಕಿದ್ದೀಯೇನೇ? ದೀಪಾವಳಿಗೆ ಒಂದು ಕಾರ್ಡು ಬಿಸಾಕಿದವಳು ಆಮೇಲೆ ಸುದ್ದಿಯೇ ಇಲ್ಲ. ಹಿರಿಯೂರು ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ನಾನು ಮದುವೆಯಾಗಿ ಇಲ್ಲಿಗೆ ಬಂದು ಆರು ವರ್ಷವಾಗುತ್ತಾ ಬಂತು ಎಂದು ಮರೆತೇ ಬಿಡುವುದೇ? ಇರಲಿ, ಜಗಳ ಆಮೇಲೆ ಆಡೋಣ. ಮೊದಲು ಈ ಕಾಗದವನ್ನು ಪೂರ್ತಿ ಓದು.

ನಾನು ಎಡಿಟಿಂಗ್ ರೂಮಿನಲ್ಲಿ ಕೆಲಸ ಮಾಡುವುದು ನಿನಗೆ ಗೊತ್ತಲ್ಲ. ಈಗ ಅಲ್ಲಿ ನನ್ನ ಮಾತಿಗೆ ಒಂದು ಬೆಲೆ ಇದೆ. ನಮ್ಮ ರೂಮಿನ ಯಜಮಾನಿ ಕಮಲಮ್ಮನವರು ಮೈಸೂರು ಕಡೆಯವರು, ಹದಿನೈದು ವರ್ಷದಿಂದ ಸಿನಿಮಾ ಕತ್ತರಿಸಿ ಜೋಡಿಸುತ್ತಿದ್ದಾರೆ. ಪರದೆಯ ಮೇಲೆ ಅವರ ಹೆಸರು ಬಂದಿದ್ದು ಎರಡೇ ಸಲ. ಅದರ ಸಿಟ್ಟಿಗೋ ಏನೋ, ತಿಂಗಳ ಎರಡನೇ ಭಾನುವಾರ ತಮ್ಮ ಮನೆಯ ಮಾಳಿಗೆ ಮೇಲೆ ಸಿನಿಮಾದಲ್ಲಿ ದುಡಿಯುವ ಹೆಂಗಸರನ್ನೆಲ್ಲ ಸೇರಿಸುತ್ತಾರೆ. ತಲೆ ಬಾಚುವವರು, ಬಟ್ಟೆ ಹೊಲಿಯುವವರು, ದನಿ ಕೊಡುವ ಹುಡುಗಿಯರು, ನನ್ನಂಥವರು. ಎಲ್ಲಿ ಕೆಲಸ ಖಾಲಿ ಇದೆ, ಯಾವ ಕಂಪನಿ ಒಳ್ಳೆಯದು, ಯಾರ ರೂಮಿಗೆ ಒಬ್ಬಳೇ ಹೋಗಬಾರದು, ಎಲ್ಲ ಅಲ್ಲಿ ಹೇಳಿಕೊಳ್ಳುತ್ತೇವೆ. ಹೊಸಬರು ಬರಬೇಕಾದರೆ ನಮ್ಮಲ್ಲೊಬ್ಬರು ಎದ್ದು ನಿಂತು 'ಇವಳ ಕೈ ನನಗೆ ಗೊತ್ತು' ಅನ್ನಬೇಕು. ಅಷ್ಟಂದರೆ ಸಾಕು, ಅವಳು ನಮ್ಮವಳು.

ಈಗ ಸುದ್ದಿ ಕೇಳು. ಜೂನ್‌ನಿಂದ ಆರು ತಿಂಗಳು ಕಮಲಮ್ಮನವರು ಮೂರು ಹೆಂಗಸರಿಗೆ ಎಡಿಟಿಂಗ್ ಕಲಿಸುತ್ತಾರೆ. ಕೊನೆಗೆ ಯೂನಿಯನ್ ಕಾರ್ಡು ಕೊಡಿಸುತ್ತಾರೆ. ಕಾರ್ಡಿಲ್ಲದೆ ಇಲ್ಲಿ ಯಾರೂ ಕತ್ತರಿ ಕೈಗೆ ಕೊಡುವುದಿಲ್ಲ, ಕತ್ತರಿ ಹಿಡಿಯದೆ ಕಾರ್ಡು ಸಿಗುವುದಿಲ್ಲ. ಗಂಡಸರಿಗಾದರೆ ಮಾವನೋ ಅಣ್ಣನೋ ಒಬ್ಬ ಇರುತ್ತಾನೆ. ನಮಗೆ ಇದೇ ದಾರಿ. ಟೆಂಟ್ ಸಿನಿಮಾದ ಹರಿದ ರೀಲನ್ನು ನಿನ್ನಷ್ಟು ಚೆನ್ನಾಗಿ ಅಂಟಿಸುವವರನ್ನು ನಾನು ಮದ್ರಾಸಿನಲ್ಲೂ ನೋಡಿಲ್ಲ. ಬಾರೇ. ನಾನು ಎದ್ದು ನಿಂತು ಹೇಳುತ್ತೇನೆ.

ಇವರು ಕಂಪನಿ ಕಾರು ಓಡಿಸಿಕೊಂಡು ಚೆನ್ನಾಗಿದ್ದಾರೆ. ನಮ್ಮಪ್ಪ ಎಲ್ಲಾದರೂ ಕಂಡರೆ ಹೇಳು.

ನಿನ್ನ
ಜಯಕ್ಕ

*

ಟೂರಿಂಗ್ ಟಾಕೀಸು ಕ್ಯಾಂಪು, ಹೊಸದುರ್ಗ
೨ ಫೆಬ್ರವರಿ ೧೯೭೪

ಜಯಕ್ಕ,

ನಿನ್ನ ಕಾಗದ ಹಿರಿಯೂರಿಗೆ ಹೋಗಿ, ಅಲ್ಲಿಂದ ತಾಹೇರಾ ಫೂಫಿಯ ಕೈ ಸೇರಿ, ಅವರು ಒಡೆದು ಓದಿಸಿಕೊಂಡು, ಬೈದು, ಆಮೇಲೆ ನನಗೆ ಕಳಿಸಿದರು. ಅಬ್ಬಾನ ಅಕ್ಕ ಎಂದರೆ ಅವರು ನಮ್ಮ ಮನೆಯ ಪೋಸ್ಟಾಫೀಸೂ ಹೌದು. ಇನ್ನು ಮುಂದೆ ಟೆಂಟು ಇರುವ ಊರಿಗೇ ಬರೆ. ಇಲ್ಲಿ ಮಾರ್ಚ್ ಕೊನೆಯವರೆಗೆ ಇರುತ್ತೇವೆ.

ಕಾಗದವನ್ನು ಎರಡು ದಿನ ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದೆ. ಮೂರನೇ ದಿನ ಪ್ರೊಜೆಕ್ಟರ್ ಕ್ಯಾಬಿನ್ನಿನಲ್ಲಿ ಅಬ್ಬಾನಿಗೆ ಹೇಳಿದೆ. "ಮದ್ರಾಸ್ನಾಗೆ ನಿನಗೇನೈತೆ?" ಅಂದರು. "ಕೆಲ್ಸ ಐತಂತೆ" ಅಂದೆ. "ಇಲ್ಲೇನು ಕೆಲ್ಸ ಕಮ್ಮಿ ಐತಾ?" ಅಂದರು. ನಿಜ ಕಣೇ, ಇಲ್ಲೇನೂ ಕಮ್ಮಿ ಇಲ್ಲ. ನಮ್ಮ ಮಾಲೀಕರು ಕಾಟಲಿಂಗಪ್ಪನವರು ತರಿಸುವ ಪ್ರಿಂಟುಗಳು ನೂರು ಊರು ತಿರುಗಿ ಬಂದವು, ದಿನಕ್ಕೆ ನಾಲ್ಕು ಕಡೆ ಹರಿಯುತ್ತವೆ. ಬ್ಲೇಡಿನಲ್ಲಿ ಕೆರೆದು ಫಿಲಂ ಸಿಮೆಂಟಿನ ಅಂಟು ಹಚ್ಚಿ ಅಂಟಿಸಿ ಅಂಟಿಸಿ ನನ್ನ ಉಗುರು ನೋಡುವ ಹಾಗಿಲ್ಲ. ಟೆಂಟಿನ ಜನಕ್ಕೆ ಈ ಕೆಲಸ ಮಾಡುವವಳು ನಾನು ಎಂದು ಗೊತ್ತೂ ಇಲ್ಲ. ಆಪರೇಟರ್ ತಾಜುದ್ದೀನ್ ಸಾಹೇಬರ, ಅಂದರೆ ಅಬ್ಬಾನ, ಕೈಚಳಕ ಅಂದುಕೊಂಡಿದ್ದಾರೆ.

ಕೊನೆಗೆ ಅಬ್ಬಾ ಹೇಳಿದ್ದು ಇದು: "ಸೈನ್ ಮಾಡಿದ ಕಾಗ್ದ ಬರ್ಲಿ. ನಿನ್ ಫೂಫಿ ಬಾಯಿ ನಾನು ಮುಚ್ಚಿಸ್ತೀನಿ." ನಂಬುತ್ತೀಯಾ? ನಾನಂತೂ ಹಿಂದೆ ತಿರುಗಿ ಕಣ್ಣೊರೆಸಿಕೊಂಡೆ. ಫೂಫಿ ಚಿತ್ರದುರ್ಗದಲ್ಲಿ ಒಂದು ಗಂಡು ನೋಡಿದ್ದಾರೆ, ಎಣ್ಣೆ ಮಿಲ್ಲಿನ ಸುಭಾನ್ ಸಾಹೇಬರು. ಹೆಂಡತಿ ಸತ್ತಿದ್ದಾರೆ, ಎರಡು ಮಕ್ಕಳು. ಸಿನಿಮಾದ ಹೆಸರೆತ್ತಿದರೆ ಆಗದವರು. ಅವರಿಗೆ ರಮ್ಜಾನಿನೊಳಗೆ ಉತ್ತರ ಬೇಕಂತೆ. ಅಂದರೆ ನನಗಿರುವುದು ಅಷ್ಟೇ ಹೊತ್ತು. ನಿನ್ನ ಕಮಲಮ್ಮನವರ ಕಾಗದ ಬಂದರೆ ಮದ್ರಾಸು, ಬರದಿದ್ದರೆ ಎಣ್ಣೆ ಮಿಲ್ಲು.

ನಿಮ್ಮಪ್ಪ ಗೊಲ್ಲಪ್ಪನವರನ್ನು ಹೋದ ತಿಂಗಳು ಬಬ್ಬೂರಿನ ಹತ್ತಿರ ನೋಡಿದೆ. ಫಾರಂ ಬೇಲಿಯ ಆಚೆ ಕುರಿ ಬಿಟ್ಟುಕೊಂಡಿದ್ದರು. ಬುರ್ಖಾದಲ್ಲಿದ್ದ ನನ್ನನ್ನು ಅಷ್ಟು ದೂರದಿಂದ ನಡಿಗೆಯಲ್ಲೇ ಗುರುತು ಹಿಡಿದು "ಏನವ್ವ ಮೆಹರು, ನಮ್ ಜಯಕ್ಕ ಕಾಗ್ದ ಬರ್ದಾಳಾ?" ಅಂದರು. ಆ ವಯಸ್ಸಿಗೆ ಅದೆಂಥ ಕಣ್ಣೇ ತಾಯಿ! ದೃಷ್ಟಿ ತೆಗೆಯಬೇಕು ಅನ್ನಿಸಿತು.

ಅಬ್ಬಾ ಚೆನ್ನಾಗಿದ್ದಾರೆ. ಕಣ್ಣಲ್ಲಿ ಸ್ವಲ್ಪ ನೀರು ಸುರಿಯುತ್ತದೆ, ಪ್ರೊಜೆಕ್ಟರಿನೊಳಗೆ ಉರಿಯುವ ಕಾರ್ಬನ್ ಕಡ್ಡಿಯ ಹೊಗೆ, ಅಷ್ಟೇ.

ನಿನ್ನ
ಮೆಹರು

*

ಕೋಡಂಬಾಕಂ
೨೫ ಫೆಬ್ರವರಿ ೧೯೭೪

ಮೆಹರು,

ಕೆಲಸ ಅರ್ಧ ಆದ ಹಾಗೆ! ಕಮಲಮ್ಮನವರಿಗೆ ನಿನ್ನ ವಿಷಯ ಹೇಳಿದ್ದೇನೆ. ಬಾಯಿ ಮಾತು ಸಾಲದು, ಕೈ ಕೆಲಸ ನೋಡಬೇಕು ಅಂದರು. ಒಂದೆರಡು ನಿಮಿಷದ್ದು ಏನಾದರೂ ಜೋಡಿಸಿ ಕಳಿಸು. ಬರೀ ಹರಿದದ್ದನ್ನು ಅಂಟಿಸಿದರೆ ಆಗದು. ನೀನೇ ಯೋಚನೆ ಮಾಡಿ, ಯಾವುದರ ಮುಂದೆ ಯಾವುದು ಬರಬೇಕು ಎಂದು ಜೋಡಿಸಿದ್ದಾಗಿರಬೇಕು. ಹತ್ತು ಜನರಾದರೂ ಕಾಯುತ್ತಿದ್ದಾರೆ, ಮೂರೇ ಜಾಗ. ಏಪ್ರಿಲ್ ಎರಡನೇ ಭಾನುವಾರದೊಳಗೆ ಬರಲಿ.

ರೂಮಿನಲ್ಲೇ ಕೆಲಸ ಮಾಡುವವರೂ ಒಂದೊಂದು ತುಂಡು ಮಾಡಿ ತೋರಿಸಬೇಕು ಅಂದಿದ್ದಾರೆ. ನಾನೂ ಮಾಡಬೇಕು. ನನ್ನದು ಏನು, ಸುಮ್ಮನೆ ಶಾಸ್ತ್ರಕ್ಕೆ. ನೀನು ಮಾತ್ರ ಚೆನ್ನಾಗಿ ಮಾಡು. ನಾವಿಬ್ಬರೂ ಒಂದೇ ಬಾಡಿಗೆ ರೂಮಿನಲ್ಲಿ ಇರೋಣ. ಬರುವಾಗ ಶೇಂಗಾ ಚಟ್ನಿಪುಡಿ ತಾ, ಇಲ್ಲಿಯದು ಬಾಯಿಗಿಡುವ ಹಾಗಿಲ್ಲ.

ಜಯಕ್ಕ

*

ಟೂರಿಂಗ್ ಟಾಕೀಸು ಕ್ಯಾಂಪು, ಹೊಸದುರ್ಗ
೨೮ ಮಾರ್ಚ್ ೧೯೭೪

ಜಯಕ್ಕ,

ಈ ಕಾಗದದ ಜೊತೆಯಲ್ಲೇ ಒಂದು ಪಾರ್ಸಲ್ ಹಾಕಿದ್ದೇನೆ. ಮೇಲೆ ಶೇಂಗಾ ಚಟ್ನಿಪುಡಿ, ಕೆಳಗೆ ಪ್ಲಾಸ್ಟಿಕ್ ಸುತ್ತಿ ರೀಲು. ನಗಬೇಡ. ರಿಜಿಸ್ಟರ್ ಮಾಡಿಸೋಣ ಎಂದು ಹೋದರೆ ಪೋಸ್ಟ್ ಮಾಸ್ಟರು "ಒಳಗೇನೈತ್ರಿ?" ಅಂದರು. ಫಿಲಂ ಅಂದರೆ ಬೆಂಕಿ ಹತ್ತುತ್ತದೆ ಎಂದು ತೆಗೆದುಕೊಳ್ಳುವುದಿಲ್ಲ. ಚಟ್ನಿಪುಡಿ ಅಂದೆ. "ಚಟ್ನಿಪುಡಿಗೆ ಯಾಕ್ರಿ ರಿಜಿಸ್ಟರು?" ಅಂದರು. ಮಾಮೂಲಿ ಪಾರ್ಸಲ್ಲೇ ಹಾಕಿ ಬಂದೆ.

ರೀಲಿನ ವಿಷಯ ಹೇಳುತ್ತೇನೆ. ಪ್ರಿಂಟು ಹರಿದಾಗ ಕೆಟ್ಟ ತುದಿಗಳನ್ನು ಕತ್ತರಿಸಿ ಎಸೆಯುತ್ತೇವಲ್ಲ, ಎಂಟು ವರ್ಷದಿಂದ ನಾನು ಅವನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಗೇಣುದ್ದ, ಮೊಳದುದ್ದ. ನೀನು ಬರೆದ ಮೇಲೆ ಎಲ್ಲವನ್ನೂ ಚಾಪೆಯ ಮೇಲೆ ಸುರಿದು ಬೆಳಕಿಗೆ ಹಿಡಿದು ನೋಡುತ್ತಾ ಕೂತೆ. ನೋಡುತ್ತಾ ನೋಡುತ್ತಾ ಒಂದು ಹೊಳೆಯಿತು. ಯಾವ ಸಿನಿಮಾದಲ್ಲಾದರೂ ಹೆಂಗಸು ಬಾಗಿಲು ತೆಗೆಯುತ್ತಾಳೆ. ತೆಗೆದು ಆಚೆ ನೋಡುತ್ತಾಳೆ. ಆಮೇಲೆ ಅವಳನ್ನು ಬಿಟ್ಟು ಬಂದವನನ್ನು ತೋರಿಸುತ್ತಾರೆ. ನಾನು ಬಂದವರನ್ನೆಲ್ಲ ಕತ್ತರಿಸಿ ತೆಗೆದುಬಿಟ್ಟೆ. ಬರೀ ಬಾಗಿಲು ತೆಗೆಯುವ ಹೆಂಗಸರು. ಸಾಹುಕಾರರ ಮನೆಯವಳು, ಗುಡಿಸಲಿನವಳು, ರಾಣಿ, ವಿಧವೆ, ಒಬ್ಬರ ಹಿಂದೆ ಒಬ್ಬರು ತೆಗೆದು ನೋಡುತ್ತಾರೆ, ಯಾರೂ ಬರುವುದಿಲ್ಲ. ಕೊನೆಗೆ ಒಬ್ಬ ಮುದುಕಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅಷ್ಟೇ. ಒಂದು ನಿಮಿಷ ಓಡುತ್ತದೆ, ತುಂಡಿಗೆ ತುಂಡು ಅಂಟಿಸಿದ ಅರವತ್ತೊಂದು ಜಾಯಿಂಟು.

ಆಟ ಶುರುವಾಗುವ ಮೊದಲು ಒಂದು ಸಂಜೆ ಪ್ರೊಜೆಕ್ಟರಿನಲ್ಲಿ ಹಾಕಿ ನೋಡಿದೆ. ಖಾಲಿ ಟೆಂಟಿನಲ್ಲಿ ಒಬ್ಬಳೇ. ನಾನು ಮಾಡಿದ್ದು ಪರದೆಯ ಮೇಲೆ ಬಂತು ಕಣೇ ಜಯಕ್ಕ. ಇನ್ನೇನು ಹೇಳಲಿ?

ಸಿಕ್ಕಿದ ತಕ್ಷಣ ಒಂದು ಕಾರ್ಡು ಹಾಕು. ನಾಳೆ ರಾಮಗಿರಿಗೆ ಟೆಂಟು ಎತ್ತುತ್ತೇವೆ, ಅಲ್ಲಿಗೇ ಬರೆ.

ಮೆಹರು

*

ಕ್ಯಾಂಪು, ರಾಮಗಿರಿ
೬ ಮೇ ೧೯೭೪

ಜಯಕ್ಕ,

ಪಾರ್ಸಲ್ ಬಂತೇ? ಏಪ್ರಿಲ್ ಭಾನುವಾರ ಕಳೆದು ಮೇ ಭಾನುವಾರವೂ ಹತ್ತಿರ ಬಂತು. ಇಲ್ಲಿ ರೈಲು ನಿಂತ ಸದ್ದಾದರೆ ಟಪಾಲು ಬಂತು ಎಂದು ಕಿವಿ ನೆಟ್ಟಗಾಗುತ್ತದೆ. ಅಬ್ಬಾ ದಿನಕ್ಕೊಂದು ಸಲ "ಕಾಗ್ದ ಬಂತಾ?" ಅನ್ನುತ್ತಾರೆ. ನಾನು "ಬರ್ತೈತೆ ಬಿಡ್ರಿ" ಅನ್ನುತ್ತೇನೆ. ಹುಷಾರಾಗಿದ್ದೀಯಾ? ಮುದ್ದಣ್ಣ ಭಾವ ಹೇಗಿದ್ದಾರೆ? ನಿನಗೇ ಏನಾದರೂ ಆಯಿತೋ ಎಂದು ಭಯವಾಗುತ್ತಿದೆ.

ಮೆಹರು

*

ಕ್ಯಾಂಪು, ರಾಮಗಿರಿ
೩ ಜೂನ್ ೧೯೭೪

ಜಯಕ್ಕ,

ಇಲ್ಲ ಎಂದಾದರೂ ಬರೆ. ಒಂದು ಕಾರ್ಡು, ಒಂದು ಸಾಲು.

ಮೆಹರು

*

ಕೋಡಂಬಾಕಂ
೧೪ ಜೂನ್ ೧೯೭೪

ಪ್ರಿಯ ಮೆಹರುನ್ನೀಸಾ,

ನಿನ್ನ ಮೂರೂ ಕಾಗದ ತಲುಪಿದವು. ಕೆಲಸದ ಒತ್ತಡದಲ್ಲಿ ಉತ್ತರ ತಡವಾಯಿತು. ನಿನ್ನ ಪಾರ್ಸಲ್ ನನಗೆ ಬರಲಿಲ್ಲ. ಪೋಸ್ಟಾಫೀಸಿನಲ್ಲಿ ಎರಡು ಸಲ ವಿಚಾರಿಸಿದೆ. ರಿಜಿಸ್ಟರ್ ಮಾಡದ ಪಾರ್ಸಲ್‌ಗೆ ಯಾರೂ ಜವಾಬ್ದಾರರಲ್ಲ ಅಂದರು. ಕಮಲಮ್ಮನವರು ತುಂಬ ದಿನ ಕಾಯುವ ಹಾಗಿರಲಿಲ್ಲ. ಮೂರು ಜನರನ್ನು ಆರಿಸಿ ಆಯಿತು. ಮುಂದೆ ಎಂದಾದರೂ ಜಾಗವಾದರೆ ಖಂಡಿತ ತಿಳಿಸುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ಇತಿ,
ಜಯಕ್ಕ

*

ಹಿರಿಯೂರು
೨ ಜುಲೈ ೧೯೭೪

ಜಯಕ್ಕ,

ಮಳೆಗಾಲಕ್ಕೆ ಟೆಂಟು ಬಿಚ್ಚಿ ಊರಿಗೆ ಬಂದಿದ್ದೇವೆ. ನಿನ್ನ ಕಾಗದವೂ ಸುತ್ತಿ ಸುತ್ತಿ ಇಲ್ಲಿಗೆ ಬಂತು.

ಓದಿದ ದಿನ ಊಟ ಸೇರಲಿಲ್ಲ. ಎಂಟು ವರ್ಷ ಕೂಡಿಟ್ಟದ್ದು ಯಾವ ಪೋಸ್ಟಾಫೀಸಿನ ಮೂಲೆಯಲ್ಲಿ ಬಿದ್ದಿದೆಯೋ, ಯಾರ ಮನೆಯಲ್ಲಿ ಚಟ್ನಿಪುಡಿ ತಿಂದು ರೀಲನ್ನು ತಿಪ್ಪೆಗೆ ಎಸೆದರೋ. ನನ್ನದೇ ತಪ್ಪು. ಆ ಪೋಸ್ಟ್ ಮಾಸ್ಟರ ಎದುರು ಬಾಯಿ ಬಿಟ್ಟು ನಿಜ ಹೇಳಲಿಲ್ಲ, ಫಿಲಂ ಅನ್ನಲು ಹೆದರಿದೆ. ನೀನು ಎರಡು ಸಲ ಪೋಸ್ಟಾಫೀಸಿಗೆ ಅಲೆದೆಯಲ್ಲ, ನಿನಗೂ ತೊಂದರೆ ಕೊಟ್ಟೆ. ನಿನ್ನ ಕಾಗದದ ದನಿ ನೋಡಿದರೆ ನನಗಿಂತ ನಿನಗೇ ಹೆಚ್ಚು ಸಂಕಟವಾದ ಹಾಗಿದೆ. ಹಾಗೆಲ್ಲ ಇರಬೇಡವೇ. ನೀನು ಕರೆದೆಯಲ್ಲ, ಅದೇ ದೊಡ್ಡದು. ಈ ಊರಿನವರಲ್ಲಿ ನನ್ನನ್ನು ಏನಕ್ಕಾದರೂ ಕರೆದವಳು ನೀನೊಬ್ಬಳೇ.

ಮತ್ತೊಂದು ಮಾಡಿ ಕಳಿಸೋಣವೇ ಅಂದುಕೊಂಡೆ. ಡಬ್ಬಿಯಲ್ಲಿ ಬಾಗಿಲುಗಳೇ ಉಳಿದಿಲ್ಲ.

ಫೂಫಿಗೆ ಹೂಂ ಅಂದಿದ್ದೇನೆ. ರಮ್ಜಾನ್ ಕಳೆದ ಮೇಲೆ ನವೆಂಬರಿನಲ್ಲಿ ನಿಕಾಹ್. ಸುಭಾನ್ ಸಾಹೇಬರು ಕೆಟ್ಟವರಲ್ಲ. ಟೆಂಟಿನ ಕೆಲಸ ಬಿಡಬೇಕು, ಸಿನಿಮಾ ನೋಡಬಾರದು, ಇವೆರಡು ಕರಾರು. ಅಬ್ಬಾನನ್ನೂ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಅಂದಿದ್ದಾರೆ. ಅದೊಂದು ಮಾತಿಗೆ ಒಪ್ಪಿದೆ. ಅಬ್ಬಾನಿಗೆ ವಯಸ್ಸಾಯಿತು ನೋಡು.

ಆರಿಸಿದ ಆ ಮೂವರು ಯಾರು? ಎಲ್ಲಿಯವರು? ಏನು ಮಾಡಿ ತೋರಿಸಿದರು? ಹೊಟ್ಟೆಕಿಚ್ಚಿಗೆ ಕೇಳುತ್ತಿಲ್ಲ. ಸ್ವಲ್ಪ ಹೊಟ್ಟೆಕಿಚ್ಚೂ ಇದೆ ಅನ್ನು. ಬರೆ.

ಮೆಹರು

*

ಕೋಡಂಬಾಕಂ
೨೦ ಆಗಸ್ಟ್ ೧೯೭೪

ಪ್ರಿಯ ಮೆಹರುನ್ನೀಸಾ,

ನಿಕಾಹ್ ಸುದ್ದಿ ಕೇಳಿ ಸಂತೋಷವಾಯಿತು. ನೆಲೆ ಸಿಕ್ಕಿತಲ್ಲ, ಅದೇ ಮುಖ್ಯ. ಈ ಸಿನಿಮಾ ಕೆಲಸ ದೂರದಿಂದ ಕಾಣುವ ಹಾಗಿಲ್ಲ.

ಆರಿಸಿದ ಮೂವರಲ್ಲಿ ನಾನೂ ಒಬ್ಬಳು. ಮೊದಲೇ ಬರೆಯಬೇಕಿತ್ತು, ನಿನಗೆ ನೋವಾಗುತ್ತದೆ ಎಂದು ಬರೆಯಲಿಲ್ಲ. ಈಗ ಕತ್ತರಿ ಕೈಗೆ ಬಂದಿದೆ. ಡಿಸೆಂಬರಿಗೆ ಕಾರ್ಡು.

ಒಂದು ಚಿಕ್ಕ ವಿಷಯ ಕೇಳುವುದಿತ್ತು. ನೀನು ಜಾಯಿಂಟ್ ಮಾಡಿದ ಕಡೆಯಲ್ಲೆಲ್ಲ ಫಿಲಮಿನ ಅಂಚಿಗೆ ಬ್ಲೇಡಿನಿಂದ ಒಂದು ಸಣ್ಣ ಕಚ್ಚು ಹಾಕುತ್ತೀಯಲ್ಲ, ಕೊನೆಯಲ್ಲಿ ಮೂರು ಕಚ್ಚು, ಅದು ಯಾಕೆ? ಹಿಂದೆ ನಿಮ್ಮ ಟೆಂಟಿಗೆ ಬರುತ್ತಿದ್ದಾಗ ನೋಡಿದ ನೆನಪು. ಇಲ್ಲಿ ಕಮಲಮ್ಮನವರ ಹತ್ತಿರ ಮಾತಿಗೆ ಮಾತು ಬಂತು. ಹದಿನೈದು ವರ್ಷದಲ್ಲಿ ಎಲ್ಲೂ ನೋಡಿಲ್ಲ, ಏನಕ್ಕೆ ಇದು ಅಂದರು. ಸೆಪ್ಟೆಂಬರ್ ಭಾನುವಾರ ಎಲ್ಲರ ಮುಂದೆ ಹೇಳು ಅಂದಿದ್ದಾರೆ. ದಯವಿಟ್ಟು ಬೇಗ ಬರೆ.

ಜಯಕ್ಕ

*

ಹಿರಿಯೂರು
೧ ಸೆಪ್ಟೆಂಬರ್ ೧೯೭೪

ಜಯಕ್ಕ,

ನೀನು ಮದ್ರಾಸಿಗೆ ಹೋಗಿದ್ದು ಅರವತ್ತೆಂಟರ ಮೇ ತಿಂಗಳು. ನಾನು ಕಚ್ಚು ಹಾಕಲು ಶುರು ಮಾಡಿದ್ದು ಎಪ್ಪತ್ತೆರಡರ ದಸರಾ ಆದ ಮೇಲೆ. ನೀನು ಅದನ್ನು ನಮ್ಮ ಟೆಂಟಿನಲ್ಲಿ ನೋಡಿರಲು ಸಾಧ್ಯವಿಲ್ಲ. ನನ್ನ ಕಚ್ಚು ನೀನು ನೋಡಬಹುದಾದದ್ದು ಒಂದೇ ಕಡೆ, ನಿನಗೆ ತಲುಪಲೇ ಇಲ್ಲ ಎಂದೆಯಲ್ಲ, ಆ ರೀಲಿನಲ್ಲಿ.

ಇಷ್ಟು ಬರೆದು ಎದ್ದು ಹೋದೆ. ನೀರು ಸೇದಿದೆ, ಕಸ ಹೊಡೆದೆ. ಮತ್ತೆ ಕೂತಿದ್ದೇನೆ. ನಿನ್ನನ್ನು ಏನು ಬೈಯಲಿ? ನನಗೆ ಬೈಗುಳ ಗೊತ್ತಿಲ್ಲವೇ? ಟೆಂಟಿನಲ್ಲಿ ಬೆಳೆದವಳು ನಾನು. ಒಂದೂ ಸಾಲುತ್ತಿಲ್ಲ. ಪೋಸ್ಟಾಫೀಸಿಗೆ ಎರಡು ಸಲ ಅಲೆದೆ ಎಂದು ಬರೆದೆ, ನಾನು ನಿನಗೆ ಸಮಾಧಾನ ಹೇಳಿ ಬರೆದೆ. ನಿನಗೇ ಹೆಚ್ಚು ಸಂಕಟ ಎಂದು ಬರೆದೆ! ಅದನ್ನು ಓದಿ ನೀನೇನು ಮಾಡಿದೆ? ಮಡಿಸಿಟ್ಟೆಯಾ?

ಇರಲಿ. ಕೇಳಿದ್ದೀಯ, ಹೇಳುತ್ತೇನೆ. ಇದನ್ನು ನಾನೂ ನಿನ್ನಿಂದ ಮುಚ್ಚಿಟ್ಟಿದ್ದೆ.

ಅಬ್ಬಾನಿಗೆ ಕಣ್ಣು ಕಾಣುವುದಿಲ್ಲ. ಇಪ್ಪತ್ತಾರು ವರ್ಷ ಕಾರ್ಬನ್ ಬೆಂಕಿಯನ್ನು ಬರಿಗಣ್ಣಿನಲ್ಲಿ ನೋಡಿ ನೋಡಿ ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದರಲ್ಲಿ ಬೆಳಕು, ಕತ್ತಲೆ ಅಷ್ಟು ತಿಳಿಯುತ್ತದೆ. ಚಿತ್ರದುರ್ಗದ ಡಾಕ್ಟರು ಇಲ್ಲಿ ಆಗುವುದಿಲ್ಲ, ಮದ್ರಾಸಿನ ದೊಡ್ಡ ಡಾಕ್ಟರಿಗೆ ತೋರಿಸಿದರೆ ಒಂದು ಕಣ್ಣಾದರೂ ಉಳಿದೀತು ಅಂದರು. ಕಾಟಲಿಂಗಪ್ಪನವರಿಗೆ ಗೊತ್ತಾದರೆ ಅಂದೇ ಕೆಲಸ ಹೋಗುತ್ತದೆ. ಅದಕ್ಕೆ ಎರಡು ವರ್ಷದಿಂದ ಪ್ರೊಜೆಕ್ಟರು ಓಡಿಸುತ್ತಿರುವುದು ನಾನು. ಅಬ್ಬಾ ಮೆಷಿನ್ನಿನ ಪಕ್ಕ ನಿಂತಿರುತ್ತಾರೆ, ಯಾರಾದರೂ ಕ್ಯಾಬಿನ್ನಿಗೆ ಬಂದರೆ ರೀಲು ಸುತ್ತುತ್ತಾರೆ. ಸುತ್ತುವಾಗ ಹೆಬ್ಬೆರಳನ್ನು ಅಂಚಿನ ಮೇಲೆ ಇಟ್ಟಿರುತ್ತಾರೆ. ಕಚ್ಚು ತಗುಲಿದರೆ ಜಾಯಿಂಟು ಬಂತು, ನಿಧಾನ ಎಂದು ಅರ್ಥ. ಮೂರು ಕಚ್ಚು ತಗುಲಿದರೆ ರೀಲು ಮುಗಿಯಿತು. ನೋಡಿದವರು ಕಣ್ಣಿದ್ದವರೇ ಸುತ್ತುತ್ತಿದ್ದಾರೆ ಅಂದುಕೊಳ್ಳುತ್ತಾರೆ. ನಿನಗೆ ಕಳಿಸಿದ ರೀಲಿನಲ್ಲಿ ಕಚ್ಚು ಬೇಕಿರಲಿಲ್ಲ. ಕೈಗೆ ಅಭ್ಯಾಸವಾಗಿತ್ತು, ಹಾಕಿಬಿಟ್ಟೆ.

ಮದ್ರಾಸಿಗೆ ಬರಬೇಕು ಎಂದು ನಾನು ಬಾಯಿ ಬಿಟ್ಟಿದ್ದು ಕತ್ತರಿಗೂ ಹೌದು, ಆ ಕಣ್ಣಿಗೂ ಹೌದು. ನನಗೆ ಎರಡೂ ಬೇಕಿತ್ತು.

ಈಗ ಕಮಲಮ್ಮನವರಿಗೆ ಏನು ಹೇಳುತ್ತೀ? ಸುಳ್ಳು ಕಟ್ಟಲು ಹೋಗಿ ಸಿಕ್ಕಿಬೀಳಬೇಡ. ಇದ್ದದ್ದನ್ನೇ ಹೇಳು. ಕಣ್ಣು ಹೋದ ಅಪ್ಪನಿಗೋಸ್ಕರ ಹಾಕಿದ ಗುರುತು ಅನ್ನು. ನನ್ನ ರೀಲನ್ನು ನಿನ್ನದು ಎಂದವಳಿಗೆ ನನ್ನ ಅಪ್ಪನನ್ನು ನಿನ್ನವನು ಅನ್ನುವುದು ಕಷ್ಟವೇ? ಮಾಡಿಕೋ. ಕೆಲಸ ಉಳಿಸಿಕೋ. ಇಬ್ಬರಲ್ಲಿ ಒಬ್ಬಳ ಕೈಗಾದರೂ ಕತ್ತರಿ ಇರಲಿ.

ಇನ್ನು ನನಗೆ ಬರೆಯಬೇಡ.

ಮೆಹರುನ್ನೀಸಾ

*

ಕೋಡಂಬಾಕಂ
೧೨ ಅಕ್ಟೋಬರ್ ೧೯೭೪

ಮೆಹರು,

ಬರೆಯಬೇಡ ಅಂದೆ. ಆದರೂ ಬರೆಯದೆ ಆಗದು. ಹರಿದು ಹಾಕುವ ಮೊದಲು ಕೊನೆಯವರೆಗೆ ಓದು, ಕೊನೆಯಲ್ಲಿ ಅಬ್ಬಾನ ವಿಷಯವಿದೆ.

ಪಾರ್ಸಲ್ ಏಪ್ರಿಲ್ ಎಂಟಕ್ಕೆ ಬಂತು. ಆ ರಾತ್ರಿ ನಿನ್ನ ಚಟ್ನಿಪುಡಿ ಕಲಸಿಕೊಂಡು ಉಂಡೆ. ರೀಲನ್ನು ನಿನ್ನ ಹೆಸರಿನಲ್ಲೇ ಕೊಡಬೇಕು ಎಂದು ಚೀಲದಲ್ಲಿ ಇಟ್ಟುಕೊಂಡು ಹೋದೆ, ನಮ್ಮಪ್ಪನ ಆಣೆ. ನನ್ನ ತುಂಡೂ ಅದೇ ಚೀಲದಲ್ಲಿತ್ತು. ನನ್ನ ಮಾತಿಗೆ ಬೆಲೆ ಇದೆ ಎಂದು ಬರೆದಿದ್ದೆನಲ್ಲ, ಬರೀ ಬಡಾಯಿ. ನಾಲ್ಕು ವರ್ಷ ನಾನು ಮಾಡಿದ್ದು ಕಸ ಗುಡಿಸುವುದು, ಫಿಲಂ ಸುತ್ತಿ ಡಬ್ಬಿಗೆ ಹಾಕುವುದು. ಆ ತುಂಡಿಗೆಂದು ಕತ್ತರಿ ಕೊಟ್ಟಾಗ ಕತ್ತರಿಸಿದ್ದೆಲ್ಲ ಸೊಟ್ಟ ಬಂತು. ನಿಮ್ಮ ಮುದ್ದಣ್ಣ ಭಾವ ಎರಡು ವರ್ಷದ ಹಿಂದೆಯೇ ಬೇರೆ ಸಂಸಾರ ಹೂಡಿದ್ದಾರೆ, ಊರಲ್ಲಿ ಯಾರಿಗೂ ಹೇಳಿಲ್ಲ. ಆ ಮೂರರಲ್ಲಿ ನನ್ನ ಹೆಸರಿಲ್ಲದಿದ್ದರೆ ರೂಮಿನಿಂದಲೂ ಹೋಗು ಅನ್ನುತ್ತಿದ್ದರು. ಕಮಲಮ್ಮನವರು ಚೀಲದಿಂದ ತಾವೇ ನಿನ್ನ ರೀಲು ತೆಗೆದು ಮೆಷಿನ್ನಿಗೆ ಹಾಕಿದರು. ನೋಡಿದರು. ಮತ್ತೊಂದು ಸಲ ನೋಡಿದರು. ತಿರುಗಿ "ಜಯಾ, ಇದು ನಿಂದೇನೇ?" ಅಂದರು. ನಾನು ಹೂಂ ಅಂದೆ. ಒಂದೇ ಒಂದು ಹೂಂ, ಮೆಹರು. ಆಮೇಲೆ ಅದನ್ನು ವಾಪಸು ತೆಗೆದುಕೊಳ್ಳುವ ಜಾಗವೇ ಸಿಗಲಿಲ್ಲ.

ಸೆಪ್ಟೆಂಬರ್ ಭಾನುವಾರ ನೀನು ಬರೆದ ಹಾಗೇ ಹೇಳಿದೆ. ನಮ್ಮಪ್ಪನಿಗೆ ಕಣ್ಣಿಲ್ಲ, ಅವನ ಹೆಬ್ಬೆರಳಿಗೋಸ್ಕರ ಅಂದೆ. ಆಮೇಲೆ ಏನಾಯಿತು ಗೊತ್ತಾ? ತಲೆ ಬಾಚುವ ಒಬ್ಬಾಕೆಯ ತಂಗಿ ಇಲ್ಲಿಯ ಕಣ್ಣಾಸ್ಪತ್ರೆಯಲ್ಲಿ ನರ್ಸು. ಎಲ್ಲರೂ ಸೇರಿ ಓಡಾಡಿ ದೊಡ್ಡ ಡಾಕ್ಟರನ್ನು ಒಪ್ಪಿಸಿಬಿಟ್ಟಿದ್ದಾರೆ. ನವೆಂಬರ್ ನಾಲ್ಕಕ್ಕೆ ಹಾಸಿಗೆ ಸಿಕ್ಕಿದೆ. ರಿಜಿಸ್ಟರಿನಲ್ಲಿ ನಮ್ಮಪ್ಪನ ಹೆಸರನ್ನೇ, 'ಗೊಲ್ಲಪ್ಪ, ಬಬ್ಬೂರು' ಎಂದು ಬರೆಸಿದ್ದಾರೆ. ನಾನು ಪಕ್ಕದಲ್ಲೇ ನಿಂತಿದ್ದೆ.

ನಿಜ ಹೇಳಿದರೆ ನನ್ನನ್ನೂ ಓಡಿಸುತ್ತಾರೆ, ಹಾಸಿಗೆಯೂ ಹೋಗುತ್ತದೆ ಎಂದು ಭಯ. ತಾಜುದ್ದೀನ್ ಚಾಚಾನನ್ನು ಕರೆದುಕೊಂಡು ಬಾ ಮೆಹರು. ನಾಲ್ಕು ದಿನ ಗೊಲ್ಲಪ್ಪ ಆಗಿರಲಿ. ಟೋಪಿ ಒಂದು ಬಿಟ್ಟು ಬರಲಿ, ಮಾತು ನಾನು ಆಡುತ್ತೇನೆ. ಅವರು ನಿಮಗಾಗಿಯೇ ಮಾಡಿದ್ದು ಅಂದುಕೋ. ಇಲ್ಲ, ಎಲ್ಲರ ಮುಂದೆ ನಿಜ ಹೇಳು ಅನ್ನುತ್ತೀಯಾ, ಹೇಳುತ್ತೇನೆ. ನೀನು ಹೇಳಿದ ಹಾಗೆ.

ಜಯಕ್ಕ

*

ಕ್ಯಾಂಪು, ಹೊಳಲ್ಕೆರೆ
೨೪ ಅಕ್ಟೋಬರ್ ೧೯೭೪

ಜಯಕ್ಕ,

ಕಾಗದ ರಮ್ಜಾನ್ ಹಬ್ಬದ ಮಾರನೇ ದಿನ ಬಂತು. ಅಬ್ಬಾ ಪಕ್ಕದಲ್ಲೇ ಇದ್ದರು. ಲಕೋಟೆ ಹರಿದ ಸದ್ದು ಕೇಳಿ "ಜಯಕ್ಕಂದಾ? ಓದು" ಅಂದರು. ಅಲ್ಲಲ್ಲಿ ಬಿಟ್ಟು ಓದೋಣ ಅಂದುಕೊಂಡೆ. ಎರಡು ಸಲ ನಿಲ್ಲಿಸಿದ್ದಕ್ಕೇ ಅವರಿಗೆ ಗೊತ್ತಾಯಿತು. "ಜಾಯಿಂಟ್ ಮಾಡ್ಬೇಡ, ಇದ್ದಂಗೆ ಓದು" ಅಂದರು. ಓದಿದೆ.

ನಾನು ಹೋಗೋಣ ಅಂದೆ. ಕಾಲು ಹಿಡಿದುಕೊಂಡೆ. ನನಗೆ ಯಾವ ಹೆಸರಾದರೂ ಆಗುತ್ತಿತ್ತು ಜಯಕ್ಕ, ನಿಜ ಹೇಳುತ್ತೇನೆ. ಗೊಲ್ಲಪ್ಪ ಅಂದರೂ ಸರಿ, ಕಾಟಲಿಂಗಪ್ಪ ಅಂದರೂ ಸರಿ, ಆ ಕಣ್ಣು ಬಂದರೆ ಸಾಕಿತ್ತು. ಅಬ್ಬಾ ಒಪ್ಪಲಿಲ್ಲ. "ನಿನ್ ರೀಲಿಗೆ ಒಬ್ರ ಹೆಸ್ರು ಅಂಟಿಸ್ಯಾರೆ. ನನ್ ಕಣ್ಣಿಗೂ ಇನ್ನೊಬ್ರ ಹೆಸ್ರು ಅಂಟಿಸ್ಕಂಡು ಬಂದ್ರೆ, ಆ ಕಣ್ಣಾಗೆ ನಿನ್ ಮಖ ಹೆಂಗ್ ನೋಡ್ಲಿ?" ಅಂದರು. ಜಗಳ ಆಡಿದೆ, ಅತ್ತೆ. ಅವರು ಜಗ್ಗಲಿಲ್ಲ. ಆ ಹಾಸಿಗೆ ಬೇರೆ ಯಾರಿಗಾದರೂ ಸಿಗಲಿ.

ಕಾಟಲಿಂಗಪ್ಪನವರಿಗೆ ಹೊಸ ಆಪರೇಟರು ಸಿಕ್ಕಿದ್ದಾರೆ. ಈ ಭಾನುವಾರ ಕೊನೆಯ ಆಟ. ನವೆಂಬರ್ ಎಂಟಕ್ಕೆ ನಿಕಾಹ್, ಆಮೇಲೆ ನಾವಿಬ್ಬರೂ ಚಿತ್ರದುರ್ಗದಲ್ಲಿ. ಅಲ್ಲಿ ಅಬ್ಬಾ ಏನು ಸುತ್ತುತ್ತಾರೋ ಕಾಣೆ. ಈಗಲೇ ಖಾಲಿ ಕೂತಾಗ ಹೆಬ್ಬೆರಳನ್ನು ಚಾಪೆಯ ಅಂಚಿನ ಮೇಲೆ ಆಡಿಸುತ್ತಿರುತ್ತಾರೆ.

ಕಮಲಮ್ಮನವರಿಗೆ ನಿಜ ಹೇಳಲೇ ಎಂದು ಕೇಳಿದ್ದೀಯ. ನನ್ನನ್ನು ಕೇಳಬೇಡ. ಹೂಂ ಅನ್ನುವಾಗ ನನ್ನನ್ನು ಕೇಳಿದ್ದೆಯಾ? ಅದನ್ನೂ ನಾನೇ ಹೊರಬೇಕೇ? ಹೇಳುತ್ತೀಯೋ, ಬಿಡುತ್ತೀಯೋ, ಅದು ನಿನ್ನದು.

ನನಗೆ ಬೇಕಾದದ್ದು ಒಂದೇ. ಆ ರೀಲನ್ನು ಕಳಿಸು. ಅಬ್ಬಾ ಅದನ್ನು ನೋಡಿಲ್ಲ, ನಾನು ಜೋಡಿಸುವಾಗಲೇ ಅವರಿಗೆ ಕಾಣುತ್ತಿರಲಿಲ್ಲ. ಈಗ ಬೆರಳಿನಲ್ಲಿ ನೋಡುತ್ತಾರಂತೆ. "ತರ್ಸು, ಅರವತ್ತೊಂದೂ ನೋಡ್ತೀನಿ. ಇವಳ ಕೈ ನನಗೆ ಗೊತ್ತು ಅಂತ ಯಾರಾರ ಒಬ್ರು ಹೇಳ್ಬೇಕಲ್ಲ" ಅಂದರು.

ಎಂಟನೇ ತಾರೀಖಿನೊಳಗೆ ಬರಲಿ. ಆಮೇಲೆ ಆ ಮನೆಯೊಳಗೆ ಫಿಲಂ ತರುವ ಹಾಗಿಲ್ಲ. ಮಾಮೂಲಿ ಪಾರ್ಸಲ್ ಬೇಡ, ರಿಜಿಸ್ಟರ್ ಮಾಡಿಸು. ಒಳಗೇನಿದೆ ಎಂದು ಕೇಳಿಯೇ ಕೇಳುತ್ತಾರೆ. ನನ್ನ ಹಾಗೆ ಹೆದರಬೇಡ. ಅಲ್ಲಿ ನಿನ್ನನ್ನು ಬಲ್ಲವರು ಯಾರೂ ಇರುವುದಿಲ್ಲ. ಆ ಗುಮಾಸ್ತನ ಎದುರಿಗಾದರೂ ಬಾಯಿ ಬಿಟ್ಟು ಹೇಳು, ಇದು ಹಿರಿಯೂರಿನ ಮೆಹರುನ್ನೀಸಾ ಮಾಡಿದ ಸಿನಿಮಾ ಎಂದು.

ಮೆಹರುನ್ನೀಸಾ